ಮಣ್ಣು ತಂದವಳು ನಾನು, ಮೊದಲ ಹೆಸರು ಅವಳದು

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕರಿಮೆಣಸಿನ ಸೊರಗು ರೋಗ ನನ್ನ ವಿಷಯ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ತೋಟ ತೋಟ ಅಲೆದು ಮಣ್ಣು ತಂದೆ. ಒಂದು ತೋಟದಲ್ಲಿ ಸುತ್ತಲಿನ ಬಳ್ಳಿಗಳೆಲ್ಲ ಸತ್ತರೂ ನಾಲ್ಕಾರು ಮಾತ್ರ ಹಸಿರಾಗಿ ನಿಂತಿದ್ದವು. ಅಲ್ಲಿನ ಹಳೇ ಕೆಲಸಗಾರರೊಬ್ಬರು ತೋರಿಸಿದರು. ಆ ಬುಡದ ಮಣ್ಣಿನಲ್ಲಿ ರೋಗಾಣು ಬೆಳೆಯುವುದಿಲ್ಲ ಎಂದು ಲ್ಯಾಬಿನಲ್ಲಿ ಮೊದಲು ಕಂಡುಕೊಂಡದ್ದು ನಾನೇ. ಆಮೇಲೆ ಸೇರಿದ ಗೆಳತಿ ಡಿಎನ್‌ಎ ವಿಶ್ಲೇಷಣೆ ಮಾಡಿದಳು. ಮುಂದಿನ ತಿಂಗಳು ಕಳಿಸಬೇಕಾದ ಪ್ರಬಂಧದಲ್ಲಿ ಅವಳ ಹೆಸರು ಮೊದಲು, ನನ್ನದು ಮೂರನೆಯದು. ‘ಹೆಸರು ಇದೆಯಲ್ಲ, ಇನ್ನೇನು’ ಎನ್ನುತ್ತಾರೆ ಗೈಡ್. ಹುತ್ತರಿಗೆ ಊರಿಗೆ ಹೋಗಿದ್ದೆ. ಕದಿರು ತಂದು ಊಟಕ್ಕೆ ಕೂತಾಗ ಮಾವ ‘ನಿನ್ನ ಸಂಶೋಧನೆ ಯಾವಾಗ ಪೇಪರ್‌ನಲ್ಲಿ ಬರುತ್ತೆ?’ ಎಂದರು. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಗೆಳತಿಯ ಜೊತೆ ಮಾತು ಬಿಟ್ಟಿದ್ದೇನೆ. ಜಗಳಕ್ಕೆ ನಿಲ್ಲಲೇ, ಎಲ್ಲ ಬಿಟ್ಟು ಊರಿಗೆ ಬರಲೇ?

– ಹೆಸರು ಬೇಡ, ಕೊಡಗು

ಉತ್ತರ: ಎರಡೂ ಬೇಡ. ‘ಮುಂದಿನ ತಿಂಗಳು ಕಳಿಸಬೇಕಾದ’ ಎಂದು ನೀವೇ ಬರೆದಿದ್ದೀರಿ. ಅಂದರೆ ಪ್ರಬಂಧ ಇನ್ನೂ ಕೈಯಲ್ಲೇ ಇದೆ. ಅಚ್ಚಾದ ಮೇಲೆ ಹೆಸರಿನ ಕ್ರಮ ಬದಲಿಸುವುದು ಬಲು ಕಷ್ಟ. ಈಗಾದರೆ ಒಂದು ಮಾತು ಕೇಳಿ ನೋಡಬಹುದು.

ಪ್ರತಿ ಫೆಬ್ರುವರಿ 28ರಂದು ನಾವು ವಿಜ್ಞಾನ ದಿನ ಆಚರಿಸುತ್ತೇವಲ್ಲ, ಅದಕ್ಕೆ ಕಾರಣವಾದ ‘ರಾಮನ್ ಪರಿಣಾಮ’ದ ಶೋಧದ ಹಿಂದೆ ಎಷ್ಟು ಜನರಿದ್ದರು ಎಂದು ಕೇಳುವವರು ಕಡಿಮೆ. ಅತಿ ಶುದ್ಧ ಗ್ಲಿಸರಿನ್‌ನಲ್ಲಿ ಚದುರಿದ ಬಿಸಿಲು ನೀಲಿಯ ಬದಲು ಹಸಿರಾಗಿ ಕಾಣುವುದನ್ನು ಗಮನಿಸಿದವರು ವೆಂಕಟೇಶ್ವರನ್. ಅವರಿಗೆ ಕಲ್ಕತ್ತದ ಅಲಿಪುರದಲ್ಲಿ ಸರ್ಕಾರಿ ನೌಕರಿ, ಸಂಶೋಧನೆ ಏನಿದ್ದರೂ ಬಿಡುವಿನಲ್ಲಿ. ಪ್ರಯೋಗಕ್ಕೆ ಬೇಕಾದದ್ದು ಬಿಸಿಲು, ಬಿಸಿಲಿರುವ ಹೊತ್ತಿಗೆ ಅವರು ಆಫೀಸಿನಲ್ಲಿ! ಹಾಗಾಗಿ ಸಿ.ವಿ. ರಾಮನ್ ಆ ಕೆಲಸಕ್ಕೆ ಶಿಷ್ಯ ಕೆ.ಎಸ್. ಕೃಷ್ಣನ್ ಅವರನ್ನು ಹಚ್ಚಿದರು. ಉಪಕರಣ ಜೋಡಿಸಿಕೊಡುತ್ತಿದ್ದ ಸಹಾಯಕ ಅಶುತೋಷ್ ಡೇ ಇನ್ನೊಬ್ಬರು. 1928ರ ಮಾರ್ಚ್ 16ರಂದು ನಮ್ಮ ಬೆಂಗಳೂರಿನಲ್ಲೇ ಈ ಹೊಸ ಬೆಳಕಿನ ಬಗ್ಗೆ ವಿವರವಾಗಿ ಭಾಷಣ ಮಾಡಿದವರು ರಾಮನ್ ಒಬ್ಬರೇ. ಮಾರ್ಚ್ 31ರ ‘ನೇಚರ್’ ಟಿಪ್ಪಣಿಯಲ್ಲಿ ರಾಮನ್, ಕೃಷ್ಣನ್ ಇಬ್ಬರ ಹೆಸರೂ ಇತ್ತು. 1930ರ ನೊಬೆಲ್ ಮಾತ್ರ ಒಬ್ಬರಿಗೇ ಹೋಯಿತು.

ಇದು ಅನ್ಯಾಯವೇ? ಪೂರ್ತಿ ಅಲ್ಲ ಎಂಬುದು ನನ್ನ ಎಣಿಕೆ. 1921ರ ಹಡಗು ಪ್ರಯಾಣದಲ್ಲಿ ಸಮುದ್ರದ ನೀಲಿಯನ್ನು ಕಂಡಾಗಿನಿಂದ ಬೆಳಕಿನ ಚದುರುವಿಕೆಯ ಬೆನ್ನು ಹತ್ತಿದವರು ರಾಮನ್. ಪ್ರಶ್ನೆ ಅವರದು, ಹಟವೂ ಅವರದು. ನೊಬೆಲ್ ಉಪನ್ಯಾಸದಲ್ಲಿ ಅವರು ವೆಂಕಟೇಶ್ವರನ್, ಕೃಷ್ಣನ್ ಇಬ್ಬರನ್ನೂ ಹೆಸರಿಸಿದರು. ಆದರೂ ಜನರ ಬಾಯಲ್ಲಿ ಉಳಿದದ್ದು ‘ರಾಮನ್ ಪರಿಣಾಮ’. ಅಷ್ಟಾಗಿಯೂ ಆ ದಿನಗಳಲ್ಲಿ ಯಾರು ಏನು ಮಾಡಿದರು ಎಂದು ಇವತ್ತು ನಾವು ಮಾತಾಡಲು ಸಾಧ್ಯವಾಗಿರುವುದಕ್ಕೆ ದೊಡ್ಡ ಕಾರಣ, ಕೃಷ್ಣನ್ ಫೆಬ್ರುವರಿಯುದ್ದಕ್ಕೂ ತಾರೀಖು ಹಾಕಿ ಬರೆದಿಟ್ಟ ದಿನಚರಿ.

‘ಕೃಷ್ಣನ್ ಸುಮ್ಮನಿದ್ದರು, ಢಾಕಾಕ್ಕೆ ಹೋದರು, ಹರಳುಗಳ ಕಾಂತಗುಣದ ಮೇಲೆ ಕೆಲಸ ಮಾಡಿ 1940ರಲ್ಲಿ ರಾಯಲ್ ಸೊಸೈಟಿ ಫೆಲೋ ಆದರು, ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಮೊದಲ ನಿರ್ದೇಶಕರೂ ಆದರು, ನೀನೂ ಹಾಗೆ ಇರು’ ಎಂದು ಯಾರಾದರೂ ಬುದ್ಧಿ ಹೇಳಿದರೆ ತಲೆಯಾಡಿಸಬೇಡಿ. ಅವರ ಹೆಸರು ಮೊದಲ ಟಿಪ್ಪಣಿಯಲ್ಲೇ ಗುರುವಿನ ಪಕ್ಕದಲ್ಲಿತ್ತು. ನೀವು ಕೇಳುತ್ತಿರುವುದೂ ಅಷ್ಟೇ ತಾನೆ?

ಈಗ ನೋಟ್‌ಬುಕ್ ತೆಗೆಯಿರಿ. ಯಾವ ತೋಟ, ಯಾವ ದಿನ, ಪೆಟ್ರಿ ತಟ್ಟೆಯಲ್ಲಿ ರೋಗಾಣುವಿನ ಬೆಳವಣಿಗೆ ನಿಂತುಹೋದದ್ದನ್ನು ನೋಡಿದ್ದು ಯಾವಾಗ – ಎಲ್ಲವನ್ನೂ ಒಂದು ಪುಟಕ್ಕೆ ಇಳಿಸಿ. ‘ಮೋಸ’, ‘ಕದ್ದರು’ ಎಂಬ ಪದ ಅದರಲ್ಲಿ ಬರಕೂಡದು. ಗೈಡ್‌ಗೆ ಇಮೇಲ್ ಮಾಡಿ, ಮರುದಿನ ಹೋಗಿ ಮಾತಾಡಿ. ಯಾರು ಯಾವ ಕೆಲಸ ಮಾಡಿದರು ಎಂಬ ವಿವರವನ್ನು ಈಗ ಅನೇಕ ಪತ್ರಿಕೆಗಳೇ ಕೇಳುತ್ತವೆ. ಇಬ್ಬರನ್ನು ಸಮಾನ ಮೊದಲ ಲೇಖಕರೆಂದು ಗುರುತಿಸುವ ರೂಢಿಯೂ ಇದೆ. ನೇರವಾಗಿ ಅದನ್ನೇ ಕೇಳಿ. ಒಪ್ಪದಿದ್ದರೆ ನಿಮ್ಮ ಡಾಕ್ಟೋರಲ್ ಸಮಿತಿಯ ಹಿರಿಯರೊಬ್ಬರ ಮುಂದೆ ಅದೇ ಪುಟ ಇಡಿ. ಅಂದಹಾಗೆ, ಬಳ್ಳಿ ತೋರಿಸಿದ ಆ ಕೆಲಸಗಾರರ ಹೆಸರು ಕೃತಜ್ಞತೆಯ ಸಾಲಿನಲ್ಲಾದರೂ ಇದೆಯೇ? ಇಲ್ಲದಿದ್ದರೆ, ಅವರನ್ನು ಕೇಳಿ, ಅದನ್ನು ಸೇರಿಸುವ ಕೆಲಸ ನಿಮ್ಮದು.

ಗೆಳತಿಯ ವಿಷಯ ನನಗೆ ಹೆಚ್ಚು ಚಿಂತೆ ಹುಟ್ಟಿಸಿತು. ಹೊರಗಿನ ಪೈಪೋಟಿಯನ್ನು ತಾರೀಖು ತೀರ್ಮಾನಿಸುತ್ತದೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ವಿಜ್ಞಾನಿ ರೈನ್ಸ್ ಅವರ ತಂಡಕ್ಕೂ ಸಿಕ್ಕಿತು. ಅವರು ನೋಡಿದ್ದು ಮೊದಲು, ಕೋಲಾರದವರು ಅಚ್ಚು ಹಾಕಿಸಿದ್ದು ಕೆಲವೇ ದಿನ ಮೊದಲು. ಎರಡೂ ದಾಖಲೆಯಲ್ಲಿವೆ, ತಕರಾರಿಗೆ ಹೆಚ್ಚು ಜಾಗವಿಲ್ಲ. ಒಂದೇ ಲ್ಯಾಬಿನೊಳಗೆ ಹಾಗೆ ಅಚ್ಚಾದ ತಾರೀಖು ಇರುವುದಿಲ್ಲ, ಅದಕ್ಕೇ ಕಹಿ ಒಳಗೇ ಸುತ್ತುತ್ತದೆ. ಹೆಸರಿನ ಕ್ರಮ ಬರೆದದ್ದು ನಿಮ್ಮ ಗೆಳತಿ ಅಲ್ಲ ಅನಿಸುತ್ತದೆ; ಬರೆದವರ ಮುಂದೆ ಬಾಯಿಬಿಡಲಾಗದೆ ನೀವು ಅವಳ ಮೇಲೆ ಮುನಿದಿದ್ದೀರಿ. ಗೈಡ್‌ಗೆ ಇಮೇಲ್ ಕಳಿಸುವ ಮೊದಲು ಅದನ್ನು ಅವಳಿಗೆ ಓದಲು ಕೊಡಿ. ಅವಳೂ ಸಹಿ ಹಾಕಲು ಒಪ್ಪಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಒಪ್ಪದಿದ್ದರೂ ಬೆನ್ನ ಹಿಂದೆ ಹೋದಳು ಎಂಬ ಮಾತು ನಿಮಗೆ ಬರುವುದಿಲ್ಲ.