ಸೋಸುವುದು ಮೊದಲೋ, ಕೂಡಿಸುವುದು ಮೊದಲೋ?

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಅರಿಸಿನ ವ್ಯಾಪಾರಿಯ ಖರೀದಿ ಪುಸ್ತಕದಲ್ಲಿ ದಿನಾಂಕ, ಊರು, ಮಾಲು, ತೂಕ, ದರ ಇಷ್ಟಿದ್ದರೆ, ಟೇಬಲ್‌ಗಳಿಂದ ಮಾಹಿತಿ ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್‌ಗೆ ಬೇಕಾದ ಟೇಬಲ್ ಸಿದ್ಧವಾದಂತೆಯೇ. ಯಾವ ಊರಿಗೆ ಲಾರಿ ಕಳಿಸಿದರೆ ಗಿಟ್ಟುತ್ತದೆ ಎಂದು ತಿಳಿಯಲು ಊರುವಾರು ಮೊತ್ತ ಬೇಕು. ಅದನ್ನು ಗ್ರೂಪ್ ಬೈ ಕೊಡುತ್ತದೆ. ಎಡವುವುದು ಸೋಸುವಾಗ. ವೇರ್ ಎಂಬುದು ಕೂಡಿಸುವ ಮುನ್ನವೇ ಒಂದೊಂದು ಸಾಲನ್ನು ಸೋಸುತ್ತದೆ, ಹ್ಯಾವಿಂಗ್ ಕೂಡಿಸಿ ಬಂದ ಮೊತ್ತವನ್ನು ಸೋಸುತ್ತದೆ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಹರದನಹಳ್ಳಿಯಿಂದ ತಲಾ 4 ಕ್ವಿಂಟಾಲಿನ 30 ಲಾಟು, ತೆರಕಣಾಂಬಿಯಿಂದ ತಲಾ 45 ಕ್ವಿಂಟಾಲಿನ 2 ಲಾಟು. ‘ವೇರ್ ತೂಕ >= 10’ ಎಂದರೆ ಹರದನಹಳ್ಳಿಯ ಹೆಸರೇ ವರದಿಯಲ್ಲಿರದು. ‘ಗ್ರೂಪ್ ಬೈ ಊರು ಹ್ಯಾವಿಂಗ್ ಸಮ್(ತೂಕ) >= 100’ ಎಂದರೆ 120 ಕ್ವಿಂಟಾಲಿನ ಹರದನಹಳ್ಳಿ ಉಳಿದು, 90ರ ತೆರಕಣಾಂಬಿ ಬಿಟ್ಟುಹೋಗುತ್ತದೆ. ವೇರ್‌ನಲ್ಲೇ ಸಮ್ ಬರೆದರೆ ಕಂಪ್ಯೂಟರ್ ತಪ್ಪು ತೋರಿಸಿ ನಿಲ್ಲುತ್ತದೆ, ಅದು ನಮ್ಮ ಪುಣ್ಯ. ಲಾಟಿನ ತೂಕವನ್ನು ವೇರ್‌ನಲ್ಲಿ ಸೋಸುವ ಮೊದಲನೆಯದು ಮಾತ್ರ ಸದ್ದಿಲ್ಲದೆ ಓಡಿ, ಸಣ್ಣ ರೈತರ ಊರನ್ನೇ ಅಳಿಸಿಬಿಡುತ್ತದೆ.

ಸಣ್ಣ ಲಾಟಿಗೆ ತೂಗುವ ಖರ್ಚು, ಹಮಾಲಿ ಖರ್ಚು ಹೆಚ್ಚು, ದೊಡ್ಡದನ್ನಷ್ಟೇ ನೋಡಿದರೇನು ಎನ್ನಬಹುದು. ಕೇಳಬೇಕಾದ ಪ್ರಶ್ನೆ ಅದೇ ಆಗಿದ್ದರೆ ವೇರ್ ಸರಿಯೇ. ಲಾರಿ ಮಾತ್ರ ಹೋಗುವುದು ಊರಿಗೆ, ಒಂದೊಂದೇ ಲಾಟಿಗಲ್ಲ. ಹಾಗಾಗಿ ಮಾಲು ಅರಿಸಿನವೇ, ದಿನಾಂಕ ಈ ಹಂಗಾಮಿನದೇ ಎಂಬ ಷರತ್ತುಗಳನ್ನು ವೇರ್‌ನಲ್ಲಿಟ್ಟು, ಊರಿನ ಮೇಲೆ ಗುಂಪು ಮಾಡಿ, ಮೊತ್ತದ ಷರತ್ತನ್ನು ಹ್ಯಾವಿಂಗ್‌ಗೆ ಬಿಡಿ. ದರಕ್ಕೆ ಸರಾಸರಿ ತೆಗೆಯುವ ಎವಿಜಿಯನ್ನು ನಂಬಬೇಡಿ: 14,000ಕ್ಕೆ 1 ಕ್ವಿಂಟಾಲ್, 12,000ಕ್ಕೆ 9 ಕ್ವಿಂಟಾಲ್ ಕೊಂಡಿದ್ದರೆ ಅದು 13,000 ಎನ್ನುತ್ತದೆ, ನೀವು ಕೊಟ್ಟ ಸರಾಸರಿ ದರ 12,200. ‘ಸಮ್(ತೂಕ * ದರ) / ಸಮ್(ತೂಕ)’ ಎಂದು ಬರೆದರೆ ನಿಜವಾದ ದರ ಬರುತ್ತದೆ.

ಎಕ್ಸೆಲ್‌ನ ಪಿವಟ್ ಟೇಬಲ್ ಇದನ್ನೆಲ್ಲ ಮಾಡುತ್ತದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಂದು ಅಂಗಡಿಯ ಒಂದು ವರ್ಷದ ಲೆಕ್ಕಕ್ಕೆ ಅದೇ ಸಾಕು. ಆದರೆ ಅಲ್ಲಿ ಯಾರೋ ಹಾಕಿದ ಫಿಲ್ಟರ್ ಮೆನುವಿನೊಳಗೆ ಅಡಗಿರುತ್ತದೆ. ಎಸ್‌ಕ್ಯೂಎಲ್‌ನಲ್ಲಿ ಷರತ್ತು ಕಣ್ಣೆದುರಿಗೇ ಇದ್ದು, ಪಾಲುದಾರನೋ ಲೆಕ್ಕಿಗನೋ ಓದಿ ಪ್ರಶ್ನಿಸಬಹುದು. ಎರಡಕ್ಕೂ ಸಮಾನವಾದ ತೊಡಕೊಂದಿದೆ. ‘ಹರದನಹಳ್ಳಿ’, ‘ಹರ್ದನಹಳ್ಳಿ’ ಎಂದು ಒಬ್ಬೊಬ್ಬ ಗುಮಾಸ್ತ ಒಂದೊಂದು ಬಗೆಯಲ್ಲಿ ಬರೆದಿದ್ದರೆ ಗ್ರೂಪ್ ಬೈಗೆ ಅವು ಎರಡು ಊರು. ಆ 120 ಕ್ವಿಂಟಾಲು 72 ಒಂದೆಡೆ, 48 ಇನ್ನೊಂದೆಡೆ ಎಂದು ಒಡೆದುಹೋಗಿ, ಎರಡೂ ನೂರರ ಗೆರೆ ದಾಟುವುದಿಲ್ಲ. ಹ್ಯಾವಿಂಗ್ ಹಾಕುವ ಮುನ್ನ ಊರು ಮತ್ತು ಕೌಂಟ್ ಮಾತ್ರ ಕೇಳಿ, ಹೆಸರಿನ ಪಟ್ಟಿಯನ್ನು ಒಮ್ಮೆ ಕಣ್ಣಾರೆ ಓದಿ ತಿದ್ದಿಕೊಳ್ಳಿ.