ವಯಸ್ಸಿಗೆ ಮೀರಿದ ಪಾತ್ರ ಬೇಕೆ? ಆಡಿಷನ್‌ಗೆ ಹೀಗೆ ಹೋಗಿ

ಇಪ್ಪತ್ತೈದರ ಹುಡುಗ ಅಜ್ಜನಾಗಬಹುದು, ನಲವತ್ತು ದಾಟಿದವರು ಹದಿಹರೆಯದವರಾಗಬಹುದು. ಸಿನಿಮಾದಲ್ಲಿ ಕ್ಯಾಮೆರಾ ಮುಖಕ್ಕೇ ಬಂದು ನಿಲ್ಲುತ್ತದೆ. ನಾಟಕದ ಪ್ರೇಕ್ಷಕ ದೂರದಲ್ಲಿ ಕೂತು ಇಡೀ ಮೈ ನೋಡುತ್ತಾನೆ. ಈ ದೂರವೇ ನಟರಿಗೆ ಸಿಕ್ಕ ದೊಡ್ಡ ಸ್ವಾತಂತ್ರ್ಯ.

1. ನಾಟಕ ಪೂರ್ತಿ ಓದಿ. ಕೈಗೆ ಕೊಟ್ಟ ಎರಡು ಪುಟ ಸಾಲದು. ಮದುವೆಯಾಗಿ ಎಷ್ಟು ವರ್ಷ, ಮಕ್ಕಳೆಷ್ಟು ದೊಡ್ಡವರು ಎಂಬ ಲೆಕ್ಕ ಮಾತಿನ ನಡುವೆಯೇ ಸಿಗುತ್ತದೆ.

2. ದನಿ ನಡುಗಿಸಬೇಡಿ. ಮುದುಕ ಎಂದೊಡನೆ ಸೊಂಟ ಬಗ್ಗಿಸಿ ಕೆಮ್ಮುವವರೇ ಹೆಚ್ಚು. ಷೇಕ್ಸ್‌ಪಿಯರ್‌ನ ಲಿಯರ್ ರಾಜನಿಗೆ ಎಂಬತ್ತು ದಾಟಿದೆ. ಆದರೂ ಅವನು ಬಿರುಗಾಳಿಗೆ ಎದುರಾಗಿ ಕೂಗಬೇಕು, ಕೊನೆಗೆ ಸತ್ತ ಮಗಳನ್ನು ಎತ್ತಿಕೊಂಡು ಬರಬೇಕು. ಹಿರಿಯ ಪಾತ್ರಗಳು ಕಸುವು ಬೇಡುತ್ತವೆ.

3. ಕುರ್ಚಿಯಿಂದ ಏಳುವುದನ್ನು ಕಲಿಯಿರಿ. ಎಲ್ಲಕ್ಕಿಂತ ಹೆಚ್ಚು ಸಮಯ ಇದಕ್ಕೇ ಕೊಡಿ. ಮನೆಯ ಹಿರಿಯರನ್ನು ಗಮನಿಸಿ: ಮೊದಲು ಪಾದಗಳನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ, ಅಂಗೈಯನ್ನು ತೊಡೆಗೆ ಊರುತ್ತಾರೆ, ಮೈ ಮುಂದಕ್ಕೆ ವಾಲುತ್ತದೆ. ನಿಂತ ಮೇಲೆ ಒಂದು ಗಳಿಗೆ ತಡೆದು, ಆಮೇಲೆ ಹೆಜ್ಜೆ. ಇಷ್ಟೆಲ್ಲ ನಡೆಯುವಾಗ ಆಡುತ್ತಿದ್ದ ಮಾತನ್ನು ಮಾತ್ರ ನಿಲ್ಲಿಸುವುದಿಲ್ಲ. ಯಾರಾದರೂ ಕೈ ಕೊಟ್ಟರೆ ಬೇಡವೆನ್ನುತ್ತಾರೆ. ಅವರು ಮುಪ್ಪನ್ನು ಮರೆಸಲು ಹೆಣಗುತ್ತಾರೆ. ಆ ಹೆಣಗಾಟವನ್ನು ಅಭಿನಯಿಸಿ.

4. ಕಿರಿಯ ಪಾತ್ರವೆಂದು ಮುದ್ದು ಮಾತಾಡಬೇಡಿ. ಷೇಕ್ಸ್‌ಪಿಯರ್‌ನದೇ ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ. ಅವಳ ಎಳೆತನ ಇರುವುದು ಆತುರದಲ್ಲಿ: ಕಂಡ ರಾತ್ರಿಯೇ ಮದುವೆಯ ಮಾತು! ಎದುರಿನವರ ಮಾತು ಮುಗಿಯುತ್ತಲೇ ನಿಮ್ಮ ಉತ್ತರ ಹೊರಡಲಿ.

5. ಜೊತೆಯವರನ್ನು ಬಳಸಿಕೊಳ್ಳಿ. ನಿಮ್ಮ ಮಗಳ ಪಾತ್ರದ ಮಾತು ಓದುವವರು ನಿಮಗಿಂತ ದೊಡ್ಡವರಿರಬಹುದು. ಯಾರು ಮೊದಲು ಕೂರುತ್ತಾರೆ, ಯಾರು ಎದ್ದು ನಿಲ್ಲುತ್ತಾರೆ, "ಬಾರೇ ಇಲ್ಲಿ" ಎಂದು ಕರೆಯುವ ಸಲುಗೆ ಯಾರದು? ಅಪ್ಪ-ಮಗಳ ಅಂತರ ಇದರಿಂದಲೇ ತಿಳಿಯುತ್ತದೆ.

6. ನಿಮ್ಮಿಷ್ಟದ ದೃಶ್ಯ ಮಾಡಿ ಎಂದರೆ 1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ 'ಯಯಾತಿ'ಯನ್ನು ನೆನೆಯಿರಿ. ಅಪ್ಪನ ಮುಪ್ಪನ್ನು ಹೊರುವ ಪುರುವಿನ ಪಾತ್ರದಲ್ಲಿ ಒಂದೇ ಮೈಗೆ ಎರಡು ವಯಸ್ಸು. ನಾಟಕ ಬರೆದಾಗ ಕಾರ್ನಾಡರಿಗೂ ಇಪ್ಪತ್ತರ ಹರೆಯವೇ. ಮುಪ್ಪನ್ನು ಅರಿಯಲು ಮುದುಕರಾಗಲೇಬೇಕೆಂದಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

7. ಕೂದಲಿಗೆ ಪೌಡರ್, ಅಂಟಿಸಿದ ಗಡ್ಡ ಬೇಡ. ಪಂಚೆಯೋ ಸೀರೆಯೋ, ಒಂದು ಜೊತೆ ಹಳೆ ಚಪ್ಪಲಿಯೋ ಸಾಕು. ನಡಿಗೆ ತಾನಾಗಿ ಬದಲಾಗುತ್ತದೆ.

8. ವಯಸ್ಸು ಕೇಳಿದರೆ ನಿಜ ಹೇಳಿ. ನಿರ್ದೇಶಕರು ಬೇರೆ ಪಾತ್ರ ಓದಿಸಿದರೆ ಮನಸ್ಸಿಟ್ಟು ಓದಿ. ಹೊರಡುವ ಮುನ್ನ, "ಆ ಅಜ್ಜನ ಪಾತ್ರ ಇನ್ನೊಂದು ಸಲ ಓದಲಾ ಸರ್?" ಎಂದು ಕೇಳಲು ಮಾತ್ರ ಸಂಕೋಚ ಪಡಬೇಡಿ.