ಹಳೆಯ ಎಂಜಿನ್ನಿಗೆ ಬಾಟಲಿ ಔಷಧ: ಯಾವುದು ಉಪಯುಕ್ತ, ಯಾವುದು ಅಪಾಯ?

ಮಲೆನಾಡಿನ ಬೆಳೆಗಾರರ ಮನೆಯಂಗಳದಲ್ಲಿ ಹಳೆಯ ಜೀಪೊಂದು ಇಲ್ಲದಿರುವುದು ಅಪರೂಪ. ಗೊಬ್ಬರ ತರುವುದು, ಕಾಫಿ ಮೂಟೆ ಸಾಗಿಸುವುದು, ಅಡಿಕೆಯನ್ನು ಮಂಡಿಗೆ ಒಯ್ಯುವುದು, ಅಪರಾತ್ರಿಯಲ್ಲಿ ಯಾರಿಗಾದರೂ ಸೌಖ್ಯವಿಲ್ಲದಾದರೆ ಆಸ್ಪತ್ರೆಗೆ ಓಡುವುದು, ಎಲ್ಲಕ್ಕೂ ಅದೇ ಗಾಡಿ. ಹೊಸದನ್ನು ಕೊಳ್ಳುವ ಯೋಚನೆ ಪ್ರತಿ ವರ್ಷವೂ ಬರುತ್ತದೆ. ಕೊಳೆರೋಗವೋ ಕಾಫಿ ಕಾಯಿ ಉದುರುವುದೋ ಆಗಿ ಆ ಯೋಚನೆ ಮುಂದಕ್ಕೆ ಹೋಗುತ್ತದೆ. ಹೀಗಾಗಿ ಇಪ್ಪತ್ತು ಮೂವತ್ತು ವರ್ಷದ ಎಂಜಿನ್ನುಗಳನ್ನು ನಡೆಸಿಕೊಂಡು ಹೋಗುವುದು ನಮಗೆ ಅನಿವಾರ್ಯ.

ಇಂಥ ಎಂಜಿನ್ನು ಹೊಗೆ ಬಿಡಲು, ಆಯಿಲ್ ತಿನ್ನಲು ಆರಂಭಿಸಿದೊಡನೆ ಪೇಟೆಯ ಬಿಡಿಭಾಗದ ಅಂಗಡಿಯಲ್ಲಿ ನಮ್ಮ ಕೈಗೆ ಒಂದು ಬಾಟಲಿ ಬರುತ್ತದೆ. "ಇದನ್ನು ಸುರಿಯಿರಿ, ಎಂಜಿನ್ನು ಹೊಸದಾಗುತ್ತದೆ" ಎಂಬ ಭರವಸೆಯೂ ಜೊತೆಗೆ ಬರುತ್ತದೆ. ಈ ಬಾಟಲಿಗಳಲ್ಲಿ ನಿಜಕ್ಕೂ ಏನಿದೆ, ಯಾವುದನ್ನು ಯಾವಾಗ ಬಳಸಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಇದನ್ನು ಬರೆಯುತ್ತಿರುವವನು ಎಂಜಿನಿಯರನಲ್ಲ. ಆರು ಎಕರೆ ತೋಟದವನು, ಒಮ್ಮೆ ಚೆನ್ನಾಗಿ ಪೆಟ್ಟು ತಿಂದವನು. ಆ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ.

2009ರ ಡಿಸೆಂಬರಿನಲ್ಲಿ ನಮ್ಮ ಡೀಸೆಲ್ ಜೀಪು ನೀಲಿ ಹೊಗೆ ಬಿಡುತ್ತಿತ್ತು. ಕಾಫಿ ಕೊಯ್ಲು ಎದುರಿಗಿತ್ತು. ಪೇಟೆಯ ಗ್ಯಾರೇಜೊಂದರಲ್ಲಿ ಹಳೆಯ ಆಯಿಲಿಗೆ ಒಂದು ಬಾಟಲಿ ಫ್ಲಶ್ ದ್ರಾವಣ ಹಾಕಿ, ಕಾಲು ಗಂಟೆ ಎಂಜಿನ್ನು ಓಡಿಸಿ, ಇಳಿಸಿ, ಹೊಸ ಆಯಿಲ್ ತುಂಬಿ, ಅದರ ಮೇಲೆ ಜೇನಿನಂತೆ ಮಂದವಾದ ಇನ್ನೊಂದು ಬಾಟಲಿಯನ್ನೂ ಸುರಿದರು. ಹೊಗೆ ಕಡಿಮೆಯಾಯಿತು, ಸದ್ದೂ ಇಳಿಯಿತು. ನಾನು ಹಿಗ್ಗಿದೆ. ಐದನೆಯ ದಿನ ಮೂಟೆ ಹೇರಿಕೊಂಡು ಏರು ಹತ್ತುವಾಗ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಕೆಳಗೆ ಬಿತ್ತು. ಹಳೆಯ ಮೀಟರು, ಕೆಟ್ಟಿರಬೇಕೆಂದುಕೊಂಡು ಆರು ಕಿಲೋಮೀಟರ್ ಓಡಿಸಿದೆ. ಮನೆ ತಲುಪುವಷ್ಟರಲ್ಲಿ ಎಂಜಿನ್ನಿನೊಳಗೆ ಸುತ್ತಿಗೆ ಬಡಿದಂತೆ ಸದ್ದು.

ನಮ್ಮೂರ ಮೆಕ್ಯಾನಿಕ್ ಬಂದು ಚೇಂಬರ್ ಬಿಚ್ಚಿದರು. ಆಯಿಲ್ ಪಂಪಿನ ಜಾಲರಿಗೆ ಕಪ್ಪು ಬೆಲ್ಲದ ಪಾಕದಂಥ ಮಡ್ಡಿ ಮೆತ್ತಿಕೊಂಡು ಒಂದು ತೊಟ್ಟು ಆಯಿಲೂ ಮೇಲೇರದಂತಾಗಿತ್ತು. "ಗೌಡ್ರೇ, ಮುಳ್ಳು ಬಿದ್ದ ಕೂಡ್ಲೇ ಆಫ್ ಮಾಡಿದ್ದಿದ್ರೆ ಬರೀ ಜಾಲರಿ ತೊಳ್ದು ಹಾಕ್ಕೊಡ್ತಿದ್ದೆ" ಎಂದರು. ಬೇರಿಂಗುಗಳು ತಿಂದುಹೋಗಿದ್ದವು, ಕ್ರ್ಯಾಂಕ್ ಗೀರುಬಿದ್ದಿತ್ತು. ಕ್ರ್ಯಾಂಕನ್ನು ಲೇತಿಗೆ ಕಳಿಸಿ ತರುವುದರಲ್ಲಿ ಮೂರು ವಾರ ಕಳೆಯಿತು. ಕೊಯ್ಲಿನ ಆ ಮೂರು ವಾರದ ಬಾಡಿಗೆ ಗಾಡಿಯ ಖರ್ಚೇ ರಿಪೇರಿಯ ಖರ್ಚಿಗೆ ಸಮನಾಯಿತು.

ತಪ್ಪು ಬಾಟಲಿಯದು ಮಾತ್ರವೇ? ಅಲ್ಲ. ಅದಕ್ಕೆ ಮುಂಚೆ ನಾಲ್ಕು ವರ್ಷ ನಾನು ಆಯಿಲ್ ಕಡಿಮೆಯಾದಂತೆ ಮೇಲಿಂದ ಸುರಿಯುತ್ತಿದ್ದೆನೇ ಹೊರತು ಪೂರ್ತಿ ಬದಲಿಸಿರಲಿಲ್ಲ. ವರ್ಷಗಟ್ಟಲೆ ಒಳಗೆ ಗಟ್ಟಿಯಾಗಿ ಕೂತಿದ್ದ ಮಡ್ಡಿಯನ್ನು ಫ್ಲಶ್ ದ್ರಾವಣ ಕಾಲು ಗಂಟೆಯಲ್ಲಿ ಸಡಿಲಿಸಿತು. ಸಡಿಲವಾದದ್ದು ಪೂರ್ತಿ ಹೊರಗೆ ಬರಲಿಲ್ಲ. ಚಕ್ಕೆಯಾಗಿ ಜಾಲರಿಗೆ ಬಂದು ಕೂತಿತು.

ಮಡ್ಡಿ ಎಲ್ಲಿಂದ ಬರುತ್ತದೆ?

ಸಿಲಿಂಡರಿನಲ್ಲಿ ಇಂಧನ ಉರಿದಾಗ ಹುಟ್ಟುವ ಅನಿಲದಲ್ಲಿ ಸ್ವಲ್ಪ ಭಾಗ ರಿಂಗುಗಳ ಸಂದಿನಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಅದರಲ್ಲಿ ನೀರಾವಿ, ಮಸಿ, ಆಮ್ಲ ಎಲ್ಲವೂ ಇರುತ್ತವೆ. ಎಂಜಿನ್ನು ಚೆನ್ನಾಗಿ ಕಾದರೆ ನೀರು ಆವಿಯಾಗಿ ಬ್ರೀದರ್ ಮೂಲಕ ಹೊರಹೋಗುತ್ತದೆ. ಆದರೆ ನಮ್ಮ ಗಾಡಿಗಳ ಓಡಾಟ ಹೇಗೆ? ಮನೆಯಿಂದ ತೋಟಕ್ಕೆ ಒಂದು ಕಿಲೋಮೀಟರ್, ತೋಟದಿಂದ ಡೈರಿಗೆ ಎರಡು ಕಿಲೋಮೀಟರ್. ಎಂಜಿನ್ನು ಕಾಯುವ ಮೊದಲೇ ಆಫ್. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಬೆಣ್ಣೆಯಂಥ ಬಿಳಿ ನೊರೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಇದರ ಜೊತೆಗೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸಂಶಯಿಸಬೇಕು. ನೀರು ಕಡಿಮೆಯಾಗದಿದ್ದರೆ ಅದು ಬಹುಶಃ ಸಣ್ಣ ಓಟದ ಫಲ. ವಾರಕ್ಕೊಮ್ಮೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಒಂದೇ ಓಟ ಓಡಿಸಿದರೆ ಯಾವ ಬಾಟಲಿಯೂ ಮಾಡದ ಕೆಲಸ ಆಗುತ್ತದೆ.

ಇಲ್ಲಿ ಇನ್ನೊಂದು ಮಾತು. ಗಾಡಿ ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವ ಚಾಳಿ ನಮ್ಮ ಕಡೆ ಬಹಳ. ಕಿತ್ತ ಮೇಲೆ ಎಂಜಿನ್ನು ಮಲೆನಾಡಿನ ಚಳಿಯಲ್ಲಿ ಕಾಯುವುದೇ ಇಲ್ಲ. ಮಡ್ಡಿಯೂ ಹೆಚ್ಚು, ಬೋರಿನ ಸವಕಳಿಯೂ ಹೆಚ್ಚು. ಬಿಸಿಯಾಗುವುದಕ್ಕೆ ಕಾರಣ ಕಟ್ಟಿದ ರೇಡಿಯೇಟರೋ ಸಡಿಲ ಬೆಲ್ಟೋ ಎಂದು ನೋಡಿ ಸರಿಪಡಿಸಿ, ಥರ್ಮೋಸ್ಟಾಟನ್ನು ತಿರುಗಿ ಹಾಕಿಸಬೇಕು.

ಹೊಗೆ ನೋಡಿ ರೋಗ ತಿಳಿಯುವುದು

ಕಪ್ಪು ಹೊಗೆ ಎಂದರೆ ಗಾಳಿಗಿಂತ ಇಂಧನ ಹೆಚ್ಚಾಗಿದೆ. ಏರ್ ಫಿಲ್ಟರ್, ನಾಝಲ್, ಡೀಸೆಲ್ ಪಂಪಿನ ಹೊಂದಾಣಿಕೆ ನೋಡಬೇಕು. ಆಯಿಲಿಗೆ ಏನು ಸುರಿದರೂ ಪ್ರಯೋಜನವಿಲ್ಲ. ಬೆಳಗಿನ ಹೊತ್ತು ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ; ಕಾದ ಮೇಲೂ ಬರುತ್ತಿದ್ದರೆ ನೀರು ಒಳಸೇರುತ್ತಿದೆ ಅಥವಾ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ.

ನೀಲಿ ಹೊಗೆಯೇ ಆಯಿಲ್ ಉರಿಯುವ ಗುರುತು. ಅದು ಬರುವ ದಾರಿ ಎರಡು: ರಿಂಗು, ಇಲ್ಲವೇ ವಾಲ್ವ್ ಗೈಡು. ಪೆಟ್ರೋಲ್ ಗಾಡಿಯಾದರೆ ಚಾರ್ಮಾಡಿಯಂಥ ಘಾಟಿಯನ್ನು ಗೇರಿನಲ್ಲೇ ಇಳಿಸಿ, ಕೆಳಗೆ ಬಂದು ಎಕ್ಸಿಲೇಟರ್ ಒತ್ತಿ ನೋಡಿ. ಆಗ ಒಮ್ಮೆಲೆ ನೀಲಿ ಹೊಗೆ ಬುಸ್ಸೆಂದರೆ ದೋಷ ವಾಲ್ವ್ ಗೈಡಿನದು. ಇಳಿಯುವಾಗ ಎಂಜಿನ್ನಿನೊಳಗಿನ ಎಳೆತಕ್ಕೆ ಗೈಡಿನ ಸಂದಿನಿಂದ ಆಯಿಲ್ ಇಳಿದು ಕೂತಿರುತ್ತದೆ. ಏರು ಹತ್ತುವಾಗ ಉದ್ದಕ್ಕೂ ಹೊಗೆ ಬಂದರೆ, ಬ್ರೀದರಿನಿಂದಲೂ ಹೊಗೆ ಉಗಿದರೆ, ರಿಂಗು ಅಥವಾ ಬೋರು.

ಪೆಟ್ರೋಲ್ ಎಂಜಿನ್ನಿನಲ್ಲಿ ಇದನ್ನು ಖಚಿತಪಡಿಸಿಕೊಳ್ಳಲು ಕಂಪ್ರೆಶನ್ ಮೀಟರ್ ಸಾಕು. ಒಮ್ಮೆ ಅಳೆದು, ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯುವುದು. ಎರಡನೆಯ ಸಲ ಒತ್ತಡ ಚೆನ್ನಾಗಿ ಏರಿದರೆ ರಿಂಗು ಸೋರುತ್ತಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಡೀಸೆಲ್ ಎಂಜಿನ್ನಿನ ಪರೀಕ್ಷೆಗೆ ಬೇರೆ ಮೀಟರು ಬೇಕು, ಅದನ್ನು ಗ್ಯಾರೇಜಿಗೇ ಬಿಡುವುದು ಒಳ್ಳೆಯದು. ಈ ಪರೀಕ್ಷೆಗೆ ತಗಲುವ ಹಣ ಒಂದು ಬಾಟಲಿಯ ಬೆಲೆಗಿಂತ ಬಹಳ ಹೆಚ್ಚೇನಲ್ಲ.

ಬಾಟಲಿಗಳ ವಿಚಾರ

ಮೊದಲನೆಯದಾಗಿ ತಿಳಿಯಬೇಕಾದದ್ದು, ನಾವು ಕೊಳ್ಳುವ ಆಯಿಲ್ ಬರೀ ಎಣ್ಣೆಯಲ್ಲ. ಮಸಿಯನ್ನು ತೇಲಿಸಿ ಹಿಡಿಯುವ, ಆಮ್ಲವನ್ನು ಕೊಲ್ಲುವ, ಸವಕಳಿ ತಡೆಯುವ ವಸ್ತುಗಳನ್ನು ಕಂಪನಿಯವರೇ ಅಳತೆಯಿಂದ ಬೆರೆಸಿರುತ್ತಾರೆ. ಡೀಸೆಲ್ ಜೀಪಿಗೆ ಹೊಸ ಆಯಿಲ್ ಹಾಕಿ ವಾರದೊಳಗೆ ಕಪ್ಪಾದರೆ ಗಾಬರಿಯಾಗಬೇಡಿ. ಅದು ತನ್ನ ಕೆಲಸ ಮಾಡುತ್ತಿದೆ. ಗಾಬರಿಯಾಗಬೇಕಾದದ್ದು ಆರು ತಿಂಗಳಾದರೂ ಬದಲಿಸದಿದ್ದಾಗ.

ಮಂದ ಮಾಡುವ ದ್ರಾವಣ, ಅಂದರೆ ನನಗೆ ಸುರಿದ ಆ ಜೇನು, ಆಯಿಲನ್ನು ಗಟ್ಟಿಯಾಗಿಸುತ್ತದೆ ಅಷ್ಟೇ. ಸವೆದ ಬೋರನ್ನು ತುಂಬುವುದಿಲ್ಲ. ಕೆಲವು ದಿನ ಹೊಗೆ, ಸದ್ದು ಅಡಗುತ್ತವೆ. ಹಳೆಯ ಗಾಡಿ ಮಾರುವವರಿಗೆ ಇದು ಬಹಳ ಪ್ರಿಯ. ಕೊಳ್ಳುವವರು ಡಿಪ್‌ಸ್ಟಿಕ್ ಎಳೆದು ಬೆರಳಲ್ಲಿ ಉಜ್ಜಿ ನೋಡುವುದು ಒಳ್ಳೆಯದು. ಚಳಿಯ ಬೆಳಗ್ಗೆ ಮಂದ ಆಯಿಲ್ ಮೇಲೇರಲು ತಡವಾಗುತ್ತದೆ ಎಂಬುದೂ ನೆನಪಿರಲಿ.

ಲೋಹದ ಮೇಲೆ ನುಣುಪು ಲೇಪ ಕೊಡುತ್ತದೆಂದು ಹೇಳುವ ಟೆಫ್ಲಾನ್ ಜಾತಿಯ ದ್ರಾವಣಗಳು ಒಂದು ಕಾಲದಲ್ಲಿ ಜಗತ್ತೆಲ್ಲ ಮಾರಾಟವಾದವು. ಅವುಗಳಲ್ಲಿ ಹೆಸರಾದ ಸ್ಲಿಕ್ 50ರ ಜಾಹೀರಾತಿನ ಮಾತುಗಳಿಗೆ ತಕ್ಕ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಆಕ್ಷೇಪ ಹೂಡಿತು. 1997ರಲ್ಲಿ ಆ ಕಂಪನಿಯವರು ಅಂಥ ಮಾತು ಹೇಳದಿರಲು ಒಪ್ಪಿ ರಾಜಿಯಾದರು. ಈ ಜಾತಿಯ ಬಾಟಲಿಗೆ ಹಣ ಹಾಕಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸೋರಿಕೆ ನಿಲ್ಲಿಸುವ ದ್ರಾವಣ ಸ್ವಲ್ಪ ಬೇರೆ. ಗಡುಸಾದ ರಬ್ಬರ್ ಸೀಲನ್ನು ಅದು ತುಸು ಉಬ್ಬಿಸಿ ಮೆದುವಾಗಿಸುತ್ತದೆ. ಎಂಜಿನ್ ಇಳಿಸಿಯೇ ಬದಲಿಸಬೇಕಾದ ಹಿಂದಿನ ಸೀಲ್ ಒಂದೊಂದೇ ಹನಿ ಬಿಡುತ್ತಿದ್ದರೆ, ಕೊಯ್ಲು ಮುಗಿಯುವವರೆಗೆ ದಿನ ದೂಡಲು ಇದು ಆಗಬಹುದು. ಹರಿದ ಸೀಲಿಗೆ, ಕಿತ್ತ ಗ್ಯಾಸ್ಕೆಟಿಗೆ ಆಗುವುದಿಲ್ಲ.

ಇನ್ನು ಫ್ಲಶ್. ಹೊತ್ತುಹೊತ್ತಿಗೆ ಆಯಿಲ್ ಬದಲಿಸುತ್ತ ಬಂದ ಎಂಜಿನ್ನಿಗೆ ಅದು ಬೇಕಾಗುವುದಿಲ್ಲ. ಬದಲಿಸದೆ ಬಿಟ್ಟ ಎಂಜಿನ್ನಿಗೆ ಅದು ಅಪಾಯ. ಸೀಮೆಎಣ್ಣೆ ಅಥವಾ ಡೀಸೆಲ್ ಸುರಿದು ಎಂಜಿನ್ನು ಓಡಿಸಿ ತೊಳೆಯುವ ಹಳೆಯ ಪದ್ಧತಿ ಇನ್ನೂ ಕೆಟ್ಟದ್ದು. ತೆಳುವಾದ ಎಣ್ಣೆಯ ಮೇಲೆ ಬೇರಿಂಗು ತೇಲುವುದಿಲ್ಲ. ಹಾಗಾದರೆ ಮಡ್ಡಿ ತುಂಬಿದ ಎಂಜಿನ್ನಿಗೆ ಏನು ಮಾಡಬೇಕು? ಚೇಂಬರ್ ಬಿಚ್ಚಿಸಿ, ಮಡ್ಡಿಯನ್ನು ಕೈಯಿಂದಲೇ ಕೆರೆಸಿ, ಪಂಪಿನ ಜಾಲರಿ ತೊಳೆಸಿ, ಹೊಸ ಪ್ಯಾಕಿಂಗ್ ಹಾಕಿಸಿ. ಒಳ್ಳೆಯ ಡೀಸೆಲ್ ಆಯಿಲ್, 15ಡಬ್ಲ್ಯೂ-40 ಅಥವಾ ಗಾಡಿಯ ಪುಸ್ತಕದಲ್ಲಿ ಹೇಳಿದ್ದು, ತುಂಬಿಸಿ. ಸಾವಿರ ಕಿಲೋಮೀಟರಿಗೇ ಅದನ್ನು ಇಳಿಸಿ ಫಿಲ್ಟರ್ ಸಹಿತ ಬದಲಿಸಿ, ಮತ್ತೆ ಎರಡು ಸಾವಿರಕ್ಕೆ ಬದಲಿಸಿ. ಆಯಿಲಿನಲ್ಲೇ ಇರುವ ತೊಳೆಯುವ ಗುಣ ಉಳಿದ ಕೊಳೆಯನ್ನು ನಿಧಾನವಾಗಿ ಬಿಡಿಸುತ್ತದೆ. ನಾನೀಗ ಮಾಡುವುದು ಇದನ್ನೇ.

ನಿಜವಾಗಿ ಫಲ ಕೊಡುವ ಒಂದು ಚಿಕಿತ್ಸೆ ಇದೆ. ಬಹಳ ಕಾಲ ನಿಂತ ಪೆಟ್ರೋಲ್ ಗಾಡಿಯಲ್ಲಿ ರಿಂಗುಗಳು ಸವೆದಿರುವುದಿಲ್ಲ, ಕಾರ್ಬನ್ನಿನಿಂದ ಅಂಟಿಕೊಂಡಿರುತ್ತವೆ. ಪ್ಲಗ್ಗು ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಮೂರು ಚಮಚದಷ್ಟು ಕಾರ್ಬನ್ ಕರಗಿಸುವ ದ್ರಾವಣ ಹಾಕಿ ರಾತ್ರಿಯಿಡೀ ಬಿಡಬೇಕು. ಮರುದಿನ ಪ್ಲಗ್ಗಿನ ತೂತುಗಳ ಮೇಲೆ ಬಟ್ಟೆ ಮುಚ್ಚಿ, ಪ್ಲಗ್ಗು ಹಾಕದೆಯೇ ಎಂಜಿನ್ನನ್ನು ತಿರುಗಿಸಿ ಉಳಿದ ದ್ರವವನ್ನು ಹೊರಹಾಕಬೇಕು. ಇದನ್ನು ಮರೆತು ಪ್ಲಗ್ಗು ಬಿಗಿದು ಸೆಲ್ಫ್ ಹೊಡೆದರೆ, ದ್ರವ ಹಿಂಡಿಕೊಳ್ಳದ ಕಾರಣ ಕನೆಕ್ಟಿಂಗ್ ರಾಡೇ ಬಾಗಬಹುದು. ದ್ರಾವಣ ಕೆಳಗಿಳಿದು ಆಯಿಲ್ ಸೇರಿರುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಬದಲಿಸತಕ್ಕದ್ದು.

ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುವುದು ನಮ್ಮ ಡ್ರೈವರುಗಳ ಹಳೆಯ ಉಪಾಯ. ದಾರಿಯಲ್ಲಿ ಕೈಕೊಟ್ಟಾಗ ಮನೆ ಸೇರಲು ಪರವಾಗಿಲ್ಲ. ಆದರೆ ತೂತು ಮುಚ್ಚಿದ ಪುಡಿ ಸಣ್ಣ ನಳಿಗೆಗಳನ್ನೂ ಮುಚ್ಚುತ್ತದೆ. ಮನೆಗೆ ಬಂದ ಮೇಲೆ ತೊಳೆಸಿ ಬೆಸುಗೆ ಹಾಕಿಸಲೇಬೇಕು.

ಇಂಧನ ಬದಲಾಗಿದೆ

ನಮ್ಮ ಹಳೆಯ ಎಂಜಿನ್ನುಗಳು ಹುಟ್ಟಿದ ಕಾಲದ ಪೆಟ್ರೋಲ್ ಈಗಿಲ್ಲ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂತು. ಸೀಸ ಹಳೆಯ ವಾಲ್ವ್ ಸೀಟುಗಳನ್ನು ಕಾಪಾಡುತ್ತಿತ್ತು. ಮೆದು ಕಬ್ಬಿಣದ ಸೀಟಿರುವ ಹಳೆಯ ಪೆಟ್ರೋಲ್ ಜೀಪಿನಲ್ಲಿ ಟ್ಯಾಪೆಟ್ ಸಂದು ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಸೀಟು ಒಳಗಿಳಿಯುತ್ತಿದೆ ಎಂದು ತಿಳಿಯಬೇಕು. ಮುಂದೆ ಹೆಡ್ ಕೆಲಸಕ್ಕೆ ಬಂದಾಗ ಗಡಸು ಸೀಟು ಕೂರಿಸಿಬಿಡಿ. ಬಾಟಲಿಯ ಗೊಡವೆ ಬೇಡ.

2023ರಿಂದ ಆರಂಭವಾಗಿ ಈಗ ಬಂಕುಗಳಲ್ಲಿ ಸಾಮಾನ್ಯವಾಗಿರುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥನಾಲ್ ಸಮೇತ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಹಳೆಯ ರಬ್ಬರ್ ಪೈಪನ್ನು, ಕಾರ್ಬೊರೇಟರಿನ ಡಯಾಫ್ರಮನ್ನು ಅದು ಕೆಡಿಸುತ್ತದೆ. ಟ್ಯಾಂಕಿನ ಹಳೆಯ ಕೊಳೆಯನ್ನು ಸಡಿಲಿಸಿ ಫಿಲ್ಟರ್ ಕಟ್ಟಿಸುತ್ತದೆ. ಪೈಪುಗಳನ್ನು ಎಥನಾಲ್ ತಡೆಯುವ ಜಾತಿಗೆ ಬದಲಿಸುವುದೇ ಪರಿಹಾರ. ಪೆಟ್ರೋಲಿಗೆ ಹಾಕುವ ಶುದ್ಧೀಕರಣ ದ್ರಾವಣಗಳಲ್ಲಿ ಪಾಲಿಈಥರ್‌ಅಮೀನ್ ಇರುವಂಥವು ಇಂಜೆಕ್ಟರ್ ಇರುವ ಗಾಡಿಯಲ್ಲಿ ನಿಜಕ್ಕೂ ಕೆಲಸ ಮಾಡುತ್ತವೆ. ಡಬ್ಬಿಯ ಮೇಲೆ ಆ ಹೆಸರು ನೋಡಿ ಕೊಳ್ಳಿ, ವರ್ಷಕ್ಕೆ ಒಂದೆರಡು ಸಲ ಸಾಕು. ಕಾರ್ಬೊರೇಟರ್ ಗಾಡಿಗೆ ಬಿಚ್ಚಿ ತೊಳೆಯುವುದೇ ಲೇಸು.

ಡೀಸೆಲ್ಲಿನಲ್ಲಿ 2020ರ ಏಪ್ರಿಲ್‌ನಿಂದ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲಿಗೆ ಇಳಿದಿದೆ. ಇದರಿಂದ ಜಾರುಗುಣ ಹೋಯಿತೆಂದು ಟೂ-ಸ್ಟ್ರೋಕ್ ಆಯಿಲ್ ಬೆರೆಸುವವರಿದ್ದಾರೆ. ಜಾರುಗುಣಕ್ಕೂ ಸರ್ಕಾರದ ಮಾನದಂಡವಿದೆ, ಅದಕ್ಕೆ ಬೇಕಾದ್ದನ್ನು ಕಂಪನಿಯಲ್ಲೇ ಬೆರೆಸಿರುತ್ತಾರೆ. ನಮ್ಮ ಡೀಸೆಲ್ ಪಂಪಿನ ನಿಜವಾದ ಶತ್ರು ನೀರು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರಿಳಿಸಿ. ಟ್ಯಾಂಕನ್ನು ಅರ್ಧ ಖಾಲಿ ಬಿಟ್ಟು ನಿಲ್ಲಿಸಬೇಡಿ.

ಕಳೆ ಕತ್ತರಿಸುವ ಯಂತ್ರಕ್ಕೂ ಬೋರ್ಡೋ ಹೊಡೆಯುವ ಪೆಟ್ರೋಲ್ ಎಂಜಿನ್ನಿಗೂ ಇದಕ್ಕೆ ವಿರುದ್ಧವಾದ ನಿಯಮ. ಕೆಲಸ ಮುಗಿದು ತಿಂಗಳುಗಟ್ಟಲೆ ಅಟ್ಟಕ್ಕೆ ಏರಿಸುವ ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಹಾಗೆ ಮಾಡದೆ ಇಟ್ಟ ನನ್ನ ನೆರೆಮನೆಯವರ ಯಂತ್ರದ ಕಾರ್ಬೊರೇಟರನ್ನು ಮೊನ್ನೆ ಬಿಚ್ಚಿದಾಗ ಒಳಗೆ ಹಸಿರು ಪಾಚಿಯಂತೆ ಕಿಲುಬು ಕಟ್ಟಿತ್ತು. ಅದು ಮತ್ತೆ ಸರಿಯಾಗಲಿಲ್ಲ, ಹೊಸದೇ ಹಾಕಬೇಕಾಯಿತು.